ಕುದುರೆಗೆ ಅರ್ಥವಾದ ಮಾತು

ನಮ್ಮ ಗೊಂಬೆಗಳಿಗೆ ದಾರ ಕಟ್ಟುವುದಿಲ್ಲ. ಕಥೆ ಹಿಡಿಸಿದರೆ ತಾವೇ ನಡೆಯುತ್ತವೆ. ದಿನಗಟ್ಟಲೆ ಹಾಡುವ ಕಿರ್ಗಿಜ್ ವೀರಕಾವ್ಯವನ್ನು ನಾನು ಒಂದು ಗಂಟೆಗೆ ಇಳಿಸಿದ್ದೆ. ಪರದೆಯಾಚೆ ಮಕ್ಕಳು ಬಂದು ಕುಳಿತರೂ ವೀರನ ಮರದ ಕುದುರೆ ಕಾಲೆತ್ತಲಿಲ್ಲ.

"ಉಳಿಸ್ಕೊಂಡಿದ್ರಲ್ಲಿ ಒಂದಕ್ಷರವೂ ತಪ್ಪಿಲ್ಲ, ಅಪಾ," ಎಂದೆ.

ಕಾವ್ಯ ಹಾಡಿಕೊಟ್ಟ ಸೈರಾ ಅಪಾ ನನ್ನ ಹಾಳೆಗಳನ್ನು ಮೂಗಿಗೆ ಹಿಡಿದು ಓದಿದರು. "ನಡುನಡುವೆ ನಾನು 'ಚೂ' ಅಂತಿದ್ನಲ್ಲ, ಅದೆಲ್ಲಿ?"

"ಗಂಟಲು ಸರಿ ಮಾಡ್ಕೋತಿದ್ದೀರಿ ಅಂದ್ಕೊಂಡು ಬಿಟ್ಟೆ. ಅದಕ್ಕೇನೂ ಅರ್ಥ ಇರ್ಲಿಲ್ಲ."

"ನಿಂಗೆ ಇರ್ಲಿಲ್ಲ, ಪುಣ್ಯಾತ್ಗಿತ್ತಿ! ಕುದುರೆಗೆ ಅರ್ಥ ಆಗೋದು ಅದೊಂದೇ!"

ನಾನು ಬಗ್ಗಿ, ಮರದ ಕಿವಿಯಲ್ಲಿ ಮೆಲ್ಲಗೆ "ಚೂ" ಎಂದೆ.

ಕುದುರೆ ಒಂದೇ ನೆಗೆತಕ್ಕೆ ರಂಗ ಸೇರಿತು. ವೀರ ಇನ್ನೂ ಹತ್ತಿರಲಿಲ್ಲ. ಟೋಪಿ ಹಿಡಿದುಕೊಂಡು ಹಿಂದೆಯೇ ಓಡಿದ. ಮಕ್ಕಳು ಬಿದ್ದುಬಿದ್ದು ನಕ್ಕರು. ನಾನು ಹಾಳೆಯಲ್ಲಿ 'ಚೂ' ಜೊತೆಗೆ ಆ ಓಟವನ್ನೂ ಬರೆದುಕೊಂಡೆ.