ಕಾಯಿ ಬಿಡದ ಚಿಗುರು

ಪ್ರತಿ ವರ್ಷ ಶಾಲೆಯ ಮಕ್ಕಳಿಗೆ ಜೀವಕೋಶ ಎರಡಾಗುವುದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಲೆಂದು ಈರುಳ್ಳಿ ಬೇರಿನ ತುದಿ ಕತ್ತರಿಸುವಾಗ, ಆ ಹಸಿ ವಾಸನೆಗೆ ವನಗೂರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಒಂಬತ್ತನೇ ಕ್ಲಾಸು. ದಸರಾ ರಜೆ. ಸೋದರತ್ತೆ ಎಸ್ಟೇಟಿನಲ್ಲಿ ಕಾಫಿ ಗಿಡದ ಚಿಗುರು ತೆಗೆಯುತ್ತಿದ್ದಳು, ನಾನು ಅವಳ ಹಿಂದೆಯೇ ಇದ್ದೆ. ಕಾಂಡದಿಂದ ನೆಟ್ಟಗೆ ಮೇಲೆದ್ದ ಎಳೆಯ ಚಿಗುರುಗಳನ್ನು ಬೆರಳಲ್ಲೇ ಚಿವುಟಿ ಎಸೆಯುತ್ತಿದ್ದಳು.

"ಚೆನ್ನಾಗಿ ಬೆಳೀತಾ ಐತಲ್ಲ, ಯಾಕೆ ಕೀಳ್ತೀಯ?" ಎಂದೆ.

"ಇದು ಕಾಯಿ ಬುಡಲ್ಲ ಕಣೇ. ಗಿಡದ ಸಾರ ಎಲ್ಲ ತಾನೇ ಕುಡ್ಕಂಬುಡ್ತದೆ. ಎಳೇದಿರೋವಾಗ್ಲೇ ತೆಗೀಬೇಕು."

ನಾನು ಶಾಲೆಯಲ್ಲಿ ಕಲಿತದ್ದನ್ನು ಒಪ್ಪಿಸಿದೆ. ಒಂದು ಜೀವಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ನಾವು ಬೆಳೆಯುವುದೂ ಗಾಯ ಮಾಯುವುದೂ ಹಾಗೆಯೇ.

ಅತ್ತೆಯ ಕೈ ನಿಂತಿತು. ಸುತ್ತ ಒಮ್ಮೆ ನೋಡಿ, ನನ್ನ ಬೆರಳು ಹಿಡಿದು ತನ್ನ ಕಂಕುಳಿಗೆ ಒತ್ತಿಕೊಂಡಳು. ರವಿಕೆಯಡಿ ಹುಣಸೆಬೀಜದಷ್ಟು ಗಟ್ಟಿ ಗಂಟು.

"ನೋವೇನಿಲ್ಲ. ಯುಗಾದಿಲಿ ಇಷ್ಟಿರ್ಲಿಲ್ಲ. ಇದೂ ಹಂಗೇ ಬೆಳೀತಾ ಇರೋದಾ? ಸಕಲೇಶಪುರಕ್ಕೋಗಿ ಡಾಕ್ಟ್ರಿಗೆ ತೋರಿಸ್ಬೇಕಾ?"

ಬೆಳವಣಿಗೆ ಕೆಟ್ಟದ್ದೆಂದು ನನ್ನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

"ಒಳಗೇನೋ ಗಾಯ ಮಾಯ್ತಾ ಇರ್ಬೇಕು, ಬುಡು ಅತ್ತೆ" ಎಂದೆ.

"ಓದ್ದೋಳು ನೀನು, ನಿಂಗೆ ಗೊತ್ತಿರ್ತದೆ" ಎಂದು ನಕ್ಕಳು. ಮುಖ ಹಗುರಾಗಿತ್ತು. ಆಮೇಲೆ ಮುಂದಿನ ಗಿಡಕ್ಕೆ ಹೋಗಿ, ಒಂದು ಚಿಗುರನ್ನೂ ಬಿಡದೆ ಚಿವುಟತೊಡಗಿದಳು.