ತಾರೀಖಿಲ್ಲದ ಕೇಸು

1953ರ ಒಂದು ಶುಕ್ರವಾರ, ಬೆಳಿಗ್ಗೆ ಹತ್ತೂಮುಕ್ಕಾಲು. ಬೈಲಹೊಂಗಲದ ದವಾಖಾನೆಯಲ್ಲಿ ಯಮುನಾಬಾಯಿಗೆ ಹೆರಿಗೆ ನೋವು ನಿಂತಿರಲಿಲ್ಲ; ಹೊಟ್ಟೆಯಲ್ಲಿ ಮಗು ಅಡ್ಡ ಬಿದ್ದಿತ್ತು. ಬೆಳಗಾವಿಗೆ ಒಯ್ಯಲು ಬಾಡಿಗೆ ಮೋಟಾರು ಅಂಗಳದಲ್ಲಿ ಕಾಯುತ್ತಿತ್ತು. ಆಕೆಯ ಗಂಡ, ವಕೀಲ ತ್ರ್ಯಂಬಕರಾವ್, ಬಾಗಿಲಲ್ಲಿ ನಿಂತು ದಾರಿ ಬಿಡಲಿಲ್ಲ.

"ಹನ್ನೆರಡರ ತನಕಾ ರಾಹುಕಾಲ ಅದ. ಆಮ್ಯಾಲೆ ಹೊರಡೂಣು," ಎಂದರು.

"ಈ ಕೇಸು ಅಲ್ಲೀತನಕಾ ತಡಿಯೂದಿಲ್ರಿ," ಎಂದರು ಡಾಕ್ಟರು.

"ನಾ ದಿನಾ ಕೇಸು ನಡಸಾಂವ. ಯಾವ ಕೇಸೂ ಒಂದು ತಾಸಿಗೆ ಕೆಡೂದಿಲ್ಲ."

"ನಿಮ್ಮ ಕೇಸಿಗೆ ಮುಂದಿನ ತಾರೀಖು ಸಿಗತದ, ವಕೀಲರ. ನನ್ನ ಕೇಸಿಗೆ ಸಿಗೂದಿಲ್ಲ."

ವಕೀಲರು ಕದಲಲಿಲ್ಲ. ಯಮುನಾಬಾಯಿ ಹಾಸಿಗೆಯಿಂದ ಇಬ್ಬರನ್ನೂ ನೋಡಿದಳು. ಮನೆಗೆ ಬರುವ ಕಕ್ಷಿದಾರರ ಬಾಯಲ್ಲಿ ‘ಕೇಸು’ ಎಂಬ ಶಬ್ದವನ್ನು ದಿನವೂ ಕೇಳಿದ್ದಳು. ಇಲ್ಲಿ ನಿನ್ನೆಯಿಂದ ನರ್ಸು, ಡಾಕ್ಟರು ಅವಳನ್ನೇ ಹಾಗೆ ಕರೆಯುತ್ತಿದ್ದರು. ಅವರ ಮನೆತನದಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿರಲಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅತ್ತೆ ಕಲಿಸಿದ್ದಳು. ಯಮುನಾಬಾಯಿ ಎಂದೂ ಹೇಳಿರಲಿಲ್ಲ.

ಅವಳು ಮೊಣಕೈ ಊರಿ ಎದ್ದಳು.

"ತ್ರ್ಯಂಬಕರಾವ್, ಬಾಗಲಾ ಬಿಡ್ರಿ."

ವಕೀಲರು ಪಕ್ಕಕ್ಕೆ ಸರಿದರು. ಹನ್ನೊಂದಕ್ಕೆ ಮೋಟಾರು ಬೆಳಗಾವಿಯ ದಾರಿ ಹಿಡಿಯಿತು.