ಕೈಗೆ ಎಟುಕುವ ಎತ್ತರ

ಸ್ಟೂಲಿನ ಮೇಲೆ ನಿಂತು ಅವಳು ಮೇಲಿನ ಕಪಾಟಿನ ಡಬ್ಬಗಳನ್ನು ಒಂದೊಂದಾಗಿ ಇಳಿಸುತ್ತಿದ್ದಳು. ಸಕ್ಕರೆ, ಉಪ್ಪು, ಹಿಟ್ಟು, ಕಾಫಿಪುಡಿ ಎಲ್ಲವೂ ಸೊಂಟದೆತ್ತರದ ಅಡುಗೆ ಕಟ್ಟೆಗೆ ಬಂದವು. ನಾಳೆ ಸೊರಗಿದ ಎದೆ ತುಂಬಿ ಕಾಣುವಂತೆ ಇಂಪ್ಲಾಂಟ್ ಹಾಕಿಸಿಕೊಳ್ಳುವ ಆಪರೇಷನ್. ಆಮೇಲೆ ಕೆಲವು ವಾರ ಕೈ ಮೇಲೆತ್ತುವಂತಿಲ್ಲ.

"ನಿಮ್ಮ ಮಾವ ಹೇಳಿ ಮಾಡಿಸಿದ ಕಪಾಟು ಅದು," ಎಂದರು ಮೇಜಿನ ಬಳಿ ಕೂತಿದ್ದ ಅತ್ತೆ. "ಆರಡಿ ಆಳು. ಕೈ ಚಾಚಿದ್ರೆ ಸಿಗೋದು."

"ಅವರು ಒಂದು ದಿನವೂ ಅಡುಗೆ ಮಾಡ್ಲಿಲ್ವಲ್ಲ ಅತ್ತೆ."

ಅತ್ತೆ ಮಾತು ಬದಲಿಸಿದರು. "ಯಾರಾದ್ರೂ ಕೇಳಿದ್ರೆ ಗಡ್ಡೆ ತೆಗೆಸಿದ್ವಿ ಅಂತೀನಿ. ಗಡ್ಡೆ ಅಂದ್ರೆ ಅಯ್ಯೋ ಪಾಪ ಅಂತಾರೆ. ನಿಜ ಹೇಳಿದ್ರೆ ಊರೆಲ್ಲ ನಗುತ್ತೆ."

"ನಗ್ಲಿ ಬಿಡಿ. ಇಲ್ಲದ ಗಡ್ಡೆ ನನಗೆ ಯಾಕೆ ಅಂಟಿಸ್ತೀರಿ?"

ಆಸ್ಪತ್ರೆಯಿಂದ ಬರುವಾಗ ಸೀಟ್‌ಬೆಲ್ಟ್ ಒತ್ತದಂತೆ ಎದೆಗೆ ದಿಂಬು ಅಪ್ಪಿಕೊಂಡು ಕೂತಿದ್ದಳು. ಡ್ರೈವಿಂಗ್ ಶಾಲೆಯಲ್ಲಿ ಊರವರಿಗೆಲ್ಲ ಕಾರು ಕಲಿಸಿದವಳಿಗೆ ಗಂಡನ ಪಕ್ಕ ಸುಮ್ಮನೆ ಕೂರುವುದು ಹೊಲಿಗೆಗಿಂತ ದೊಡ್ಡ ನೋವು. "ರೀ, ಕ್ಲಚ್ ಮೇಲಿಂದ ಕಾಲು ತೆಗೀರಿ."

"ಎದೆಗೆ ಮಾಡಿದ್ದಾರೆ, ಬಾಯಿಗೇನೂ ಮಾಡಿಲ್ಲ," ಎಂದು ಗಂಡ ಕಾಲು ತೆಗೆದ.

ಮುಂದಿನ ವಾರ ಎದುರುಮನೆಯಾಕೆ ನೋಡಲು ಬಂದರು. ಮಂಚದ ಅಂಚಿಗೆ ಕೂತು ದನಿ ತಗ್ಗಿಸಿ ಕೇಳಿದರು, "ಗಡ್ಡೆ ಪೂರ್ತಿ ತೆಗೆದ್ರಾ?" ಬಾಗಿಲಲ್ಲಿ ನಿಂತಿದ್ದ ಅತ್ತೆ ಕೆಮ್ಮಿದರು.

ಹೂಂ ಅಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಕ್ಕಳಿಬ್ಬರು ಹಾಲು ಬಿಟ್ಟಾಗಿನಿಂದ ಕನ್ನಡಿಗೆ ಬೆನ್ನು ಹಾಕಿಯೇ ಬಟ್ಟೆ ಬದಲಿಸಿದವಳು ಅವಳು. ಇನ್ನು ಇದನ್ನೂ ಒಂದು ಸುಳ್ಳಿನ ಹಿಂದೆ ಮುಚ್ಚಿಡಲು ಮನಸ್ಸಾಗಲಿಲ್ಲ.

"ಗಡ್ಡೆ ಇರಲಿಲ್ಲ ಅಕ್ಕ. ಏನೂ ತೆಗೆದಿಲ್ಲ, ಇಟ್ಟಿದ್ದಾರೆ. ಇಂಪ್ಲಾಂಟ್."

"ಈ ವಯಸ್ಸಲ್ಲಾ? ಮನೆಯವರು ಮಾಡಿಸ್ಕೋ ಅಂದ್ರಾ?"

"ಅವರಾ? ನಾನು ತಲೆ ಬೋಳಿಸ್ಕೊಂಡ್ರೂ ವಾರ ಬಿಟ್ಟು ನೋಡ್ತಾರೆ. ನಂಗೆ ಬೇಕಿತ್ತು, ಮಾಡಿಸ್ಕೊಂಡೆ."

ತಂದ ಹಣ್ಣನ್ನು ಕೊಡುವುದೋ ಬೇಡವೋ ತಿಳಿಯದೆ ಆಕೆ ಚೀಲವನ್ನು ಮಡಿಲಲ್ಲೇ ಹಿಡಿದು ಕೂತರು.

"ಹಣ್ಣು ಇಲ್ಲಿ ಕೊಡಿ ಅಕ್ಕ," ಎಂದು ಅವಳು ಮೆಲ್ಲಗೆ ಅಂಗೈ ಚಾಚಿದಳು. "ನೋವಂತೂ ನಿಜವಾದದ್ದೇ."

ಕೈ ಎತ್ತಬಹುದು ಎಂದು ಡಾಕ್ಟರು ಹೇಳಿದ ದಿನ, ಅತ್ತೆ ಮಧ್ಯಾಹ್ನ ಮಲಗಲು ಹೋಗುತ್ತಾ, "ಇನ್ನು ಡಬ್ಬಗಳನ್ನ ಮೇಲೆ ಅವುಗಳ ಜಾಗದಲ್ಲಿ ಇಡು," ಎಂದರು.

ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅವಳು ಎರಡೂ ಕೈಗಳನ್ನು ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿದಳು. ಎದೆ ಬಿಗಿಯಿತು, ಆದರೂ ಕೈ ಹೋಯಿತು. ತುದಿಗಾಲಲ್ಲಿ ನಿಂತಾಗ ಬೆರಳ ತುದಿ ಕಪಾಟಿನ ಅಂಚಿಗಷ್ಟೇ ತಾಗಿತು. ಮದುವೆಯಾಗಿ ಬಂದಾಗಿನಿಂದಲೂ ಅಷ್ಟೇ ತಾಗುತ್ತಿತ್ತು.

ಕೈ ಇಳಿಸಿದಳು. ಡಬ್ಬಗಳನ್ನು ಮುಟ್ಟಲಿಲ್ಲ. ಡಬ್ಬಗಳಿಗಾಗಿ ದಿನವೂ ಹತ್ತುತ್ತಿದ್ದ ಸ್ಟೂಲನ್ನು ಕಾಲಿನಿಂದ ತಳ್ಳುತ್ತಾ ಕಿಟಕಿಯ ಬಳಿಗೆ ತಂದು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದರ ಮೇಲೆ ಕುಳಿತಳು.